ಗುಂಡಿ ಮಗ್ಗಕ್ಕೆ ಸಮುದ್ರ ಬಂದ ವರ್ಷ

ಕಳೆದ ಕಾರ್ತಿಕದಲ್ಲಿ ಹಿರಿಮಗಳ ಮಗನ ಮದುವೆಯ ಸೀರೆ ಆರಿಸಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ಎರಡು ದಿನದಿಂದ ಜಡಿಮಳೆ ಹಿಡಿದಿತ್ತು. ನಾವು ಹೊಕ್ಕ ಗಲ್ಲಿಯಲ್ಲಿ ಯಾರೋ ಹಳೆಯ ಮನೆ ಕೆಡವುತ್ತಿದ್ದರು. ಅರ್ಧ ಉಳಿದ ಮಣ್ಣಿನ ಗೋಡೆ ನೀರು ಕುಡಿದು ಕಪ್ಪಾಗಿತ್ತು. ಪಕ್ಕದ ಮನೆಯವರು ನೂಲಿಗೆ ಗಂಜಿ ಹಾಕಿದ್ದರೆಂದು ಕಾಣುತ್ತದೆ. ನೆಂದ ಮಣ್ಣು, ಹುಳಿತ ಗಂಜಿ, ಎರಡೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತುಬಿಟ್ಟಿತು. "ಅಜ್ಜಿ, ಸುಸ್ತಾಯ್ತಾ?" ಎಂದು ಮೊಮ್ಮಗ ಕೈ ಹಿಡಿದುಕೊಂಡ. ಇಲ್ಲ ಎಂದೆ. ಅದೇ ವಾಸನೆಯ ನಡುವೆ ನಾನು ಒಮ್ಮೆ ಸಮುದ್ರದ ನೀರು ಕುಡಿದಿದ್ದೇನೆ ಎಂದರೆ ಅವನು ನಂಬುತ್ತಿದ್ದನೆ? ನನಗೇ ಇವತ್ತಿಗೂ ಅದು ಪೂರ್ತಿ ಅರ್ಥವಾಗಿಲ್ಲ.

ಅದು ಯುದ್ಧದ ಕಾಲ. ದೇವನಹಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಮಾವನವರು, ನಮ್ಮವರು, ನಾನು ಮೂವರೇ. ನಡುಮನೆಯ ಪಕ್ಕಕ್ಕೆ ಮಗ್ಗದ ಕೋಣೆ. ಅಲ್ಲಿ ಎರಡು ಗುಂಡಿ ಮಗ್ಗ. ನೆಲದಲ್ಲಿ ತೊಡೆಯುದ್ದದ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಲಾಳಿ ಓಡಿಸುತ್ತ, ಕೆಳಗಿನ ಹಲಗೆ ತುಳಿಯುತ್ತ ನೇಯುವುದು. ಮಾವನವರು ಬೆಳಿಗ್ಗೆ ಗುಂಡಿಗೆ ಇಳಿದರೆಂದರೆ ಊಟಕ್ಕೆ ಮಾತ್ರ ಮೇಲೇಳುತ್ತಿದ್ದರು. ಮಾತು ಕಡಿಮೆ. ಲಾಳಿಯ ಸದ್ದು ನಿಂತರೆ ಅವರಿಗೆ ಏನೋ ಬೇಕಾಗಿದೆ ಎಂದು ನಾನು ತಿಳಿದುಕೊಳ್ಳಬೇಕಿತ್ತು.

ಆ ವರ್ಷದ ಬೇಸಿಗೆಯಲ್ಲಿ ಮಾವನವರ ತಂಗಿ ರತ್ನಮ್ಮತ್ತೆ ಬಂದರು. ಅವರನ್ನು ಕೊಟ್ಟಿದ್ದು ಆಂಧ್ರದ ಚೀರಾಲಕ್ಕೆ. ಅದೂ ನೇಕಾರರ ಊರೇ, ಆದರೆ ಸಮುದ್ರದ ಪಕ್ಕ. ಜಪಾನಿನವರು ಕರಾವಳಿಯ ಮೇಲೆ ಬಾಂಬು ಹಾಕುತ್ತಾರೆ ಎಂಬ ಗುಲ್ಲೆದ್ದು ಅಲ್ಲಿನ ಜನ ಹೆಂಗಸರನ್ನು ಒಳನಾಡಿಗೆ ಸಾಗಿಸುತ್ತಿದ್ದರು. ಹಾಗೆ ಒಂದು ತಗಡಿನ ಪೆಟ್ಟಿಗೆ ಹಿಡಿದು ರೈಲಿಳಿದು ಬಂದವರು ರತ್ನಮ್ಮತ್ತೆ. ನಲವತ್ತರ ಹತ್ತಿರದ ಹೆಂಗಸು, ಮಕ್ಕಳಿಲ್ಲ. ಕನ್ನಡ ಮರೆತಿರಲಿಲ್ಲ, ಆದರೆ ಅದರೊಳಗೆ ತೆಲುಗು ಬೆರೆಸಿ ಆಡುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ. ತೆಲುಗಿನಲ್ಲಿ ಹುಡುಗಿ ಎನ್ನುವ ಹಾಗೆ "ಅಮ್ಮಾಯಿ" ಎನ್ನುತ್ತಿದ್ದರು.

ಬಾಂಬಿನ ಭಯ ನಮ್ಮೂರಿಗೂ ಬಂದಿತ್ತು. ಒಂದು ದಿನ ತಮಟೆಯವನು ಬೀದಿ ಬೀದಿ ಸಾರಿಕೊಂಡು ಹೋದ. ವಿಮಾನದ ಸದ್ದು ಕೇಳಿದರೆ ಎಲ್ಲರೂ ಗುಂಡಿಗಿಳಿದು ಬೋರಲು ಮಲಗಬೇಕಂತೆ. "ನಮ್ಗೇನ್ ಕಷ್ಟ, ಗುಂಡಿ ಮನೇಲೇ ಐತೆ" ಎಂದು ನಮ್ಮವರು ನಕ್ಕರು. ಪಕ್ಕದ ಮನೆಯ ನಂಜಮ್ಮ ಮಾತ್ರ ನಗಲಿಲ್ಲ. ಅವತ್ತಿನಿಂದ ತಮ್ಮ ಮಗ್ಗದ ಗುಂಡಿಯಲ್ಲಿ ಒಂದು ಚಾಪೆ, ಒಂದು ತಂಬಿಗೆ ನೀರು ಇಟ್ಟುಕೊಂಡರು.

ಕಾರ್ತಿಕದಲ್ಲಿ ನಮ್ಮವರು ನೂಲು ತರಲು ಬೆಂಗಳೂರಿಗೆ ಹೋದರು. ನೂಲು ಸಿಗುವುದೇ ಕಷ್ಟವಾಗಿದ್ದ ಕಾಲ, ಹೋದವರು ಕಾದು ಕೂತು ತರಬೇಕು. ಅವರು ಹೋದ ಮರುದಿನದಿಂದ ಹನಿ ಶುರುವಾಯಿತು. ಜೋರು ಮಳೆಯಲ್ಲ. ಪೂರ್ವದಿಂದ ಬಿಡದೆ ಬೀಸುವ ಗಾಳಿ, ಅದರ ಜೊತೆ ಬೂದಿಯಂತೆ ಉದುರುವ ತುಂತುರು. ಸಂಜೆ ಮೋಡದ ಅಂಚೆಲ್ಲ ತೊಳೆದ ತಾಮ್ರದ ಬಣ್ಣಕ್ಕೆ ತಿರುಗಿತು. ನನಗೆ ಅದು ಚೆಂದ ಕಂಡಿತು. ರತ್ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿದವರು ಒಳಗೆ ಬಂದು ಮಗ್ಗದ ಗುಂಡಿಯ ಅಂಚಿನಲ್ಲಿ ಕೂತರು.

"ಅಣ್ಣಾ, ಹಾಸು ಕೊಯ್ದು ತೆಗೆದಿಡು. ಗಾಳಿ ಬರ್ತದೆ. ಗಾಳಿ ಹಿಂದೆ ಉಪ್ಪೆನ ಬರ್ತದೆ."

ಮಾವನವರು ಲಾಳಿ ನಿಲ್ಲಿಸಲಿಲ್ಲ. "ಅದೇನೇ ಅದು ಉಪ್ಪೆನ?"

"ಸಮುದ್ರ. ಸಮುದ್ರ ಎದ್ದು ಊರೊಳಗೆ ಬರೋದು."

ಲಾಳಿ ನಿಂತಿತು. ಮಾವನವರು ತಂಗಿಯನ್ನು ನೋಡಿದರು. "ದೊಡ್ಡಬಳ್ಳಾಪುರಕ್ಕಾ? ಎಲ್ಲಿಂದ ಬರುತ್ತೆ, ನಂದಿಬೆಟ್ಟ ಹತ್ತಿ ಇಳಿದು ಬರುತ್ತಾ? ಮದ್ವೆ ಸೀರೆ ಕಣೇ ಇದು. ಮಗ್ಗದ ಮೇಲಿರೋ ಮದ್ವೆ ಸೀರೆ ಹಾಸು ಕೊಯ್ತಾರಾ ಯಾರಾದ್ರೂ? ಹೋಗಿ ಮಲಕ್ಕೋ."

ನಾನು ಒಲೆಯ ಮುಂದೆ ಕೂತು ಎರಡೂ ಮಾತು ಕೇಳಿಸಿಕೊಂಡೆ. ಸಮುದ್ರವನ್ನು ನಾನು ನೋಡಿದವಳಲ್ಲ. ಅದು ಎಷ್ಟು ದೊಡ್ಡದು, ಎಷ್ಟು ದೂರ, ಎದ್ದರೆ ಎಷ್ಟು ಎತ್ತರ, ಒಂದೂ ಗೊತ್ತಿಲ್ಲ. ದೇವನಹಳ್ಳಿ ಕೋಟೆಯ ಮೇಲೆ ನಿಂತು ಕಂಡ ಕೆರೆಯೇ ನಾನು ಕಂಡ ದೊಡ್ಡ ನೀರು. ಮಾವನವರೂ ಸಮುದ್ರ ನೋಡಿರಲಿಲ್ಲ. ನೋಡಿದವರು ಬರುತ್ತದೆ ಎನ್ನುತ್ತಿದ್ದಾರೆ, ನೋಡದವರು ಬರುವುದಿಲ್ಲ ಎನ್ನುತ್ತಿದ್ದಾರೆ. ಯಾರನ್ನು ನಂಬುವುದು? ಸೊಸೆಯಾದವಳು ಮಾವನನ್ನು ನಂಬಬೇಕು, ಅದು ಗೊತ್ತು. ಆದರೆ ರತ್ನಮ್ಮತ್ತೆ ಮಲಗಲು ಹೋಗದೆ ಬಾಗಿಲ ಅಗುಳಿಯನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರು. ಸುಮ್ಮಸುಮ್ಮನೆ ಯಾರಾದರೂ ಹಾಗೆ ಮಾಡುತ್ತಾರೆಯೆ?

ಮಾರನೆಯ ದಿನವೆಲ್ಲ ಅವರು ಮನೆಯನ್ನು ಗಾಳಿಗೆ ಅಣಿಮಾಡಿದರು. ಜೊತೆಗೆ ನಾನು. ಮಾವನವರು ಕಂಡೂ ಕಾಣದಂತೆ ನೇಯುತ್ತಿದ್ದರು. ರತ್ನಮ್ಮತ್ತೆ ಹಿತ್ತಿಲಿನ ನುಗ್ಗೆಮರದ ಕೊಂಬೆಗಳನ್ನೆಲ್ಲ ಕಡಿಸಿದರು, ಸೂರಿನ ಮೇಲೆ ಬೀಳದಿರಲಿ ಎಂದು. ಬಾವಿಹಗ್ಗ ತಂದು ಸೂರಿನ ತೊಲೆಯನ್ನು ನಡುಮನೆಯ ಕಲ್ಲುಕಂಬಕ್ಕೆ ಬಿಗಿದರು. ನಾಡಹೆಂಚಿನ ಅಂಚಿಗೆ ಕಲ್ಲು ಹೇರಿಸಿದರು. ರಾಗಿ ಹುರಿದು ಹಿಟ್ಟು ಮಾಡಿಸಿದರು, ಒಲೆ ಹಚ್ಚಲಾಗದಿದ್ದರೆ ಬೆಲ್ಲದ ಜೊತೆ ಕಲಸಿ ತಿನ್ನಬಹುದು. ಕುಡಿಯುವ ನೀರಿನ ಕೊಡಗಳ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೆ ಏರಿಸಿದರು. ಹೊರಗೆ ಮಳೆ ಹಿಡಿದಿರುವಾಗ ನೀರನ್ನು ಯಾಕೆ ಅಟ್ಟಕ್ಕೆ ಏರಿಸುವುದು ಎಂದು ಕೇಳಿದೆ. "ಸಮುದ್ರ ಬಂದ್ಮೇಲೆ ಬಾವೀನೂ ಉಪ್ಪೇ" ಎಂದರು. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಕಣ್ಣಿ ಬಿಚ್ಚಿದರು. "ಕಟ್ಟಿದ್ರೆ ಮುಳುಗ್ತದೆ. ಬಿಟ್ರೆ ಈಜ್ತದೆ." ಹಸು ಮಳೆಯಲ್ಲಿ ಒಂದು ಗಳಿಗೆ ನಿಂತು, ಗಲ್ಲಿ ದಾಟಿ ಹೊರಟುಹೋಯಿತು. ಆಗ ಮಾತ್ರ ಮಾವನವರು ಗುಂಡಿಯಿಂದ ಎದ್ದು ಬಂದು ಕೂಗಾಡಿದರು. ರತ್ನಮ್ಮತ್ತೆ ನನ್ನ ಕಡೆ ತಿರುಗಿ, "ಅಮ್ಮಾಯಿ, ಈ ಬೀದಿಯಾಗೆ ತೆಂಗಿನಮರ ಇಲ್ವಾ? ನೀರು ಬಂದ್ರೆ ಮೈ ಕಟ್ಕೊಳ್ಳೋಕೆ ತೆಂಗಿನಮರಾನೇ ಸರಿ" ಎಂದರು.

ಆಗೆಲ್ಲ ನನಗೆ ಬೆಳಿಗ್ಗೆ ಎದ್ದರೆ ತಲೆ ತಿರುಗುತ್ತಿತ್ತು, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಮಳೆಗಾಳಿಗೆ ಜ್ವರ ಬರುವ ಹಾಗಿದೆ ಎಂದುಕೊಂಡಿದ್ದೆ. ಅದನ್ನು ಯಾರಿಗೆ ಹೇಳುವುದು?

ಗಾಳಿ ಬಂದದ್ದು ಅದರ ಮರುದಿನ, ಹಗಲಿನಲ್ಲೇ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮನೆಯೊಳಗೆ ಮುಸ್ಸಂಜೆಯಷ್ಟು ಕತ್ತಲೆ. ಮೊದಲು ದೂರದಲ್ಲೆಲ್ಲೋ ಗಾಡಿಗಳ ಸಾಲು ಉರುಳಿಬಂದಂಥ ಸದ್ದು. ಅದು ಹತ್ತಿರವಾಗುತ್ತ ಹೋಗಿ ಕೊನೆಗೆ ಮನೆಯ ಮೇಲೇ ನಿಂತುಬಿಟ್ಟಿತು. ಹೆಂಚುಗಳು ಸಾಲಾಗಿ ಎದ್ದು ಹಾರಿದವು. ಬಿಗಿದಿದ್ದ ಹಗ್ಗ ತಂಬೂರಿಯ ತಂತಿಯ ಹಾಗೆ ಮೊರೆಯಿತು. ಪಕ್ಕದ ಗೋಡೆಯಾಚೆಯಿಂದ ನಂಜಮ್ಮನ ಕೂಗು. "ಇಮಾನ ಬಂತು ಕಣೇ! ಗುಂಡಿಗಿಳೀರಿ! ಗುಂಡಿಗಿಳೀರಿ!"

ಈ ಕಡೆ ರತ್ನಮ್ಮತ್ತೆ ನನ್ನ ರಟ್ಟೆ ಹಿಡಿದು, "ಅಟ್ಟ ಹತ್ತು, ಮೇಲೆ ಹತ್ತು!" ಎಂದು ಎಳೆಯುತ್ತಿದ್ದರು. ಮಾವನವರು, "ಏನಿಲ್ಲ, ಬರೀ ಮಳೆ, ಇದ್ದಲ್ಲೇ ಇರಿ" ಎಂದು ಮಗ್ಗದ ಕೋಣೆಯಿಂದ ಗದರುತ್ತಿದ್ದರು. ಮೇಲೆ, ಕೆಳಗೆ, ಇದ್ದಲ್ಲೇ. ನಾನು ಏಣಿಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತುಬಿಟ್ಟೆ. ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ತಲೆಯೊಳಗೆ ಒಂದು ಯೋಚನೆಯೂ ಇರಲಿಲ್ಲ ಎನ್ನುವುದು ಮಾತ್ರ ನೆನಪಿದೆ.

"ಎಲಾ ಇದರ!" ಎಂಬ ಮಾವನವರ ದನಿ ಕೇಳಿ ಇಬ್ಬರೂ ಮಗ್ಗದ ಕೋಣೆಗೆ ಓಡಿದೆವು. ಅವರು ಗುಂಡಿಯ ಹೊರಗೆ ನಿಂತಿದ್ದರು. ಪಂಚೆ ಮೊಣಕಾಲವರೆಗೆ ಒದ್ದೆ. ಗುಂಡಿಯಲ್ಲಿ ನೀರು. ಬಾಗಿಲಿಂದ ಬಂದದ್ದಲ್ಲ, ಸೂರಿನಿಂದ ಸುರಿದದ್ದೂ ಅಲ್ಲ. ಗುಂಡಿಯ ಗೋಡೆಯಿಂದ, ತಳದಿಂದ, ಮಣ್ಣು ತಾನೇ ಬೆವರಿದ ಹಾಗೆ ಜಿನುಗಿ ಮೇಲೇರುತ್ತಿತ್ತು. ತುಳಿಯುವ ಹಲಗೆಗಳು ಆಗಲೇ ತೇಲುತ್ತಿದ್ದವು.

ರತ್ನಮ್ಮತ್ತೆ ಮಂಡಿಯೂರಿ ಕೂತರು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಅವರ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಕಂಡೆ.

"ಉಪ್ಪು" ಎಂದರು.

"ನಿನಗೆ ತಲೆ ಕೆಟ್ಟಿದೆ ರತ್ನಿ" ಎಂದರು ಮಾವನವರು.

"ಅಮ್ಮಾಯಿ, ನೀನು ನೋಡು."

ನಾನು ಅಂಗೈಯಲ್ಲಿ ಒಂದಿಷ್ಟು ತೆಗೆದುಕೊಂಡು ಕುಡಿದೆ. ಗಂಜಿಯ ಹುಳಿ, ಮಣ್ಣು, ಅದರ ಹಿಂದೆ ಉಪ್ಪು. ಸುಳ್ಳಲ್ಲ, ನಾಲಿಗೆ ಚುರುಗುಟ್ಟುವಷ್ಟು ಉಪ್ಪು. ಬಾಯಿ ಒಣಗಿ ಹಾಗನ್ನಿಸಿತೇನೋ ಎಂದು ಇನ್ನೊಮ್ಮೆ ಕುಡಿದೆ. ಉಪ್ಪೇ. ಮಾವನವರಿಗೆ ಏನು ಹೇಳುವುದು? ಹೌದೆಂದು ತಲೆ ಆಡಿಸಿದೆ. ಆಗ ಅವರೂ ಬಗ್ಗಿ ಬೆರಳು ಅದ್ದಿದರು. ನಾಲಿಗೆಗೆ ಇಟ್ಟುಕೊಂಡು ಎದ್ದು ನಿಂತು ಗೋಡೆ ನೋಡಿದರು, ನೀರು ನೋಡಿದರು, ತಂಗಿಯನ್ನು ನೋಡಿದರು. ಅಷ್ಟು ವಯಸ್ಸಾದ ಗಂಡಸಿನ ಮುಖದಲ್ಲಿ ಅಂಥ ಗಲಿಬಿಲಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಅವರು ಗೂಡಿನಿಂದ ಕತ್ತಿ ತೆಗೆದು, ಮಗ್ಗದ ಮೇಲಿದ್ದ ಹಾಸನ್ನು ಈ ಕಡೆಯಿಂದ ಆ ಕಡೆಗೆ ಕೊಯ್ದರು. ಬಿಗಿದಿದ್ದ ಎಳೆಗಳು ಪಟಪಟನೆ ಹಿಂದಕ್ಕೆ ಸಿಡಿದವು. ನೇಯ್ದಷ್ಟು ಸೀರೆಯನ್ನು ಸುತ್ತಿ ಎದೆಗೆ ಅವುಚಿಕೊಂಡರು.

"ಎಲ್ಲಿಗೆ ಹೋಗ್ಬೇಕು ಹೇಳು" ಎಂದು ತಂಗಿಯನ್ನು ಕೇಳಿದರು.

"ಎತ್ತರಕ್ಕೆ."

ಬೀದಿಯ ಕೊನೆಯ ದಿಬ್ಬದ ಮೇಲೆ ಕಲ್ಲಿನ ಛತ್ರವಿತ್ತು. ರತ್ನಮ್ಮತ್ತೆ ಕೊಟ್ಟಿಗೆಯ ಹಗ್ಗವನ್ನು ಮೊದಲು ತಮ್ಮ ಸೊಂಟಕ್ಕೆ, ಆಮೇಲೆ ನನಗೆ, ಕೊನೆಗೆ ಮಾವನವರಿಗೆ ಕಟ್ಟಿದರು. ಹೊರಗೆ ಕಾಲಿಟ್ಟರೆ ಗಾಳಿ ಉಸಿರನ್ನೇ ಕಿತ್ತುಕೊಳ್ಳುತ್ತಿತ್ತು. ಮಳೆ ಮೇಲಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಬಂದು ಕೆನ್ನೆಗೆ ಹೊಡೆಯುತ್ತಿತ್ತು. ನಂಜಮ್ಮನ ಬಾಗಿಲಲ್ಲಿ ನಾನು ಹಗ್ಗ ಹಿಡಿದು ನಿಂತುಬಿಟ್ಟೆ. ಅವರನ್ನು ಬಿಟ್ಟು ಹೋಗುವುದು ಹೇಗೆ? ಬಾಗಿಲು ಬಡಿದು ಕೂಗಿದೆ. "ನಂಜಮ್ಮಾ, ಬನ್ನಿ! ಸಮುದ್ರ ಬಂದೈತೆ!" ಆ ಮಾತು ನನ್ನ ಬಾಯಿಂದಲೇ ಬಂತು. ಗಂಡ ಹೆಂಡತಿ ಇಬ್ಬರೂ ಸೊಂಟದವರೆಗೆ ಕೆಸರಾಗಿ ಹೊರಬಂದರು. ಬಾಂಬಿಗೆ ಹೆದರಿ ಇಳಿದ ಗುಂಡಿಯಲ್ಲಿ ನೀರು ಏರಿ, ಇರಲೂ ಆಗದೆ ಏಳಲೂ ಧೈರ್ಯ ಸಾಲದೆ ಕೂತಿದ್ದರಂತೆ. "ಬಾಂಬಾ, ಸಮುದ್ರಾನಾ?" ಎಂದು ನಂಜಮ್ಮ ದಾರಿಯುದ್ದಕ್ಕೂ ಕೇಳುತ್ತಲೇ ಬಂದರು. ಯಾರಿಗೆ ಗೊತ್ತಿತ್ತು ಹೇಳಲು?

ಛತ್ರದಲ್ಲಿ ಆಗಲೇ ನಮ್ಮಂಥ ಕೆಲವರು ಸೇರಿದ್ದರು. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ರತ್ನಮ್ಮತ್ತೆ ಯಾರ ಮಾತಿಗೂ ಕಿವಿಗೊಡದೆ ಕಲ್ಲುಕಂಬ ತಬ್ಬಿ ಪೂರ್ವಕ್ಕೆ ಮುಖಮಾಡಿ ನಿಂತಿದ್ದರು. ಬೀದಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು, ನುಗ್ಗೆಸೊಪ್ಪು, ಹೆಂಚಿನ ಚೂರು, ಯಾರದೋ ಮೊರ ತೇಲಿಹೋಗುತ್ತಿದ್ದವು. ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ. ಹಗ್ಗ ಇನ್ನೂ ಬಿಚ್ಚಿರಲಿಲ್ಲ.

"ಒಳಗೆ ಬನ್ನಿ ಅತ್ತೆ, ನೆನೀತೀರಿ."

ಅವರು ನನ್ನ ಕಡೆ ನೋಡದೆ ಹೇಳಿದರು. "ಅವತ್ತು ಚೀರಾಲದಾಗೂ ಹಿಂಗೇ ಅಂದ್ರು ಅಮ್ಮಾಯಿ, ಬರೀ ಮಳೆ, ಇದ್ದಲ್ಲೇ ಇರು ಅಂತ. ದೊಡ್ಡೋರು ಅಂದ್ರು, ನಾನು ಇದ್ದಲ್ಲೇ ಇದ್ದೆ. ಮಗ ನನ್ನ ತೊಡೆ ಮೇಲೇ ಇದ್ದ. ವರ್ಷ ತುಂಬಿರ್ಲಿಲ್ಲ. ಬಾಗ್ಲು ಒಡಕೊಂಡು ಬಂತು. ನನ್ನ ಕೈ ಭದ್ರವಾಗೇ ಹಿಡಕೊಂಡಿತ್ತು, ಅಷ್ಟು ಭದ್ರವಾಗಿ ಹಿಡಕೊಂಡಿದ್ದೆ. ನೀರು ಹೋದ್ಮೇಲೆ ನೋಡಿದ್ರೆ ಕೈಯಾಗೆ ಬರೀ ಅವ್ನ ಅಂಗಿ."

ಅವರಿಗೊಬ್ಬ ಮಗನಿದ್ದ ಎಂದು ನನಗೆ ಯಾರೂ ಹೇಳಿರಲಿಲ್ಲ. ಆಗ ಅವರು ತಿರುಗಿ, ಗದರುವ ಹಾಗೆ, "ನೀನು ಯಾಕೆ ಗಾಳಿಗೆ ನಿಂತಿದ್ದೀಯ? ಹೊಟ್ಟೇಲಿ ಕೂಸಿಟ್ಕೊಂಡು! ಒಳಗೆ ಹೋಗು!" ಎಂದರು.

ನನಗೆ ಮಾತೇ ತಿಳಿಯಲಿಲ್ಲ. ಯಾರ ಹೊಟ್ಟೆ? ಯಾವ ಕೂಸು? ಒಂದು ಕ್ಷಣ ಅವರ ಮಗನ ಮಾತೇ ಮುಂದುವರಿಸುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಬೆಳಗಿನ ತಲೆಸುತ್ತು, ಒಗ್ಗರಣೆ, ಲೆಕ್ಕ ತಪ್ಪಿದ ತಿಂಗಳು ಎಲ್ಲ ಒಟ್ಟಿಗೆ ನೆನಪಾಗಿ ಅಲ್ಲೇ ಕಲ್ಲಿನ ಮೇಲೆ ಕೂತು ಬೆರಳು ಮಡಿಸಿ ಎಣಿಸಿದೆ. ಸಂತೋಷವೆನ್ನಲೋ, ಭಯವೆನ್ನಲೋ. ಸಮುದ್ರ ಬರುತ್ತಿರುವಾಗ ಇಂಥ ಸುದ್ದಿ ಕೇಳಿದರೆ ಏನು ಮಾಡಬೇಕು?

ಸಮುದ್ರ ಬರಲಿಲ್ಲ. ಸಂಜೆಯ ಹೊತ್ತಿಗೆ ಗಾಳಿಯ ಸದ್ದು ಇಳಿಯಿತು, ಮಳೆ ತೆಳ್ಳಗಾಯಿತು. ರತ್ನಮ್ಮತ್ತೆ ಇನ್ನೂ ಕಂಬದ ಬಳಿಯೇ ಇದ್ದರು. "ಯಾಕಿನ್ನೂ ಬರ್ಲಿಲ್ಲ?" ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುತ್ತಿದ್ದರು. ನಂಜಮ್ಮನ ಗಂಡ ಮನೆಗಳ ಕಡೆ ಹೋಗಿ ನೋಡಿಕೊಂಡು ಬಂದು ಮಾವನವರ ಮುಂದೆ ನಿಂತ. "ಯಜಮಾನ್ರೇ, ನಿಮ್ಮ ಮಗ್ಗದ ಮನೆ ಗೋಡೆ ಕೂತ್ಬಿಟ್ಟೈತೆ. ಸೂರೂ ಅದರ ಮೇಲೇ ಐತೆ. ಒಳಗಿದ್ದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ.

"ನಿಮ್ಮನೆ?" ಎಂದರು ಮಾವನವರು.

"ನಮ್ದೇನೂ ಆಗಿಲ್ಲ. ಹಂಗೇ ನಿಂತೈತೆ" ಎಂದ, ತಪ್ಪು ಮಾಡಿದವನ ಹಾಗೆ.

ಮಾವನವರು ಎದೆಗವುಚಿಕೊಂಡಿದ್ದ ಅರ್ಧ ಸೀರೆಯನ್ನು ಕಲ್ಲಿನ ಮೇಲಿಟ್ಟು ತಂಗಿಯ ಬಳಿ ಹೋದರು. ಅವರ ಸೊಂಟದ ಹಗ್ಗದ ಗಂಟನ್ನು ತಾವೇ ಬಿಚ್ಚಿದರು. ನೆಂದ ಗಂಟು, ಬಹಳ ಹೊತ್ತು ಹಿಡಿಯಿತು.

ನಮ್ಮವರು ಮರುದಿನ ಬಂದರು. ಹಳಿಯ ಮೇಲೆ ಮರಗಳು ಉರುಳಿ ರೈಲು ನಿಂತಿತ್ತು. ಯಲಹಂಕದಿಂದ ಹಳಿ ಹಿಡಿದು ನಡೆದೇ ಬಂದಿದ್ದರು. ಬಿದ್ದ ಗೋಡೆಯ ಮುಂದೆ ನಿಂತು ಒಳಗೆ ಯಾರಿದ್ದೀರೆಂದು ಕೂಗಿದರಂತೆ, ಉತ್ತರವಿಲ್ಲದೆ ಕೈಯಿಂದಲೇ ಮಣ್ಣು ಬಗೆಯತೊಡಗಿದ್ದರಂತೆ. ನಂಜಮ್ಮ ಕರೆದು ಛತ್ರ ತೋರಿಸಿದ ಮೇಲೆ ನಮ್ಮೆದುರು ಬಂದು ನಿಂತರು. ಉಗುರುಗಳಲ್ಲೆಲ್ಲ ಮಣ್ಣು, ರಕ್ತ.

ಮಣ್ಣು ತೆಗೆಯುವಾಗ ಸಮುದ್ರ ಎಲ್ಲಿಂದ ಬಂತೆಂದು ಪತ್ತೆಯಾಯಿತು. ಮಗ್ಗದ ಕೋಣೆಯ ಹಿಂದೆ ನೂಲಿಗೆ ಬಣ್ಣ ಹಾಕುವ ಚಪ್ಪರವಿತ್ತು. ಬಣ್ಣ ಚೆನ್ನಾಗಿ ಹಿಡಿಯಲೆಂದು ಕುದಿಯುವ ನೀರಿಗೆ ಉಪ್ಪು ಹಾಕುತ್ತಾರೆ. ಅದಕ್ಕೆಂದು ತಂದಿಟ್ಟಿದ್ದ ಉಪ್ಪಿನ ಮೂಟೆ ಅಲ್ಲಿತ್ತು. ಈಗ ಬರೀ ಗೋಣಿಚೀಲ. ಚಪ್ಪರದ ನೀರೆಲ್ಲ ಮೂಟೆಯನ್ನು ಕರಗಿಸಿಕೊಂಡು ಗೋಡೆಯ ಬುಡದಲ್ಲಿದ್ದ ಹೆಗ್ಗಣದ ಬಿಲದಿಂದ ಗುಂಡಿಗೆ ಇಳಿದಿತ್ತು. ಗೋಡೆಯ ಬುಡ ಕರಗಿದ್ದೂ ಅದೇ ದಾರಿಯಲ್ಲಿ.

ನಮ್ಮವರು ಚೀಲ ಎತ್ತಿ ಹಿಡಿದು ನಗಲು ಹೊರಟರು. ಮಾವನವರು ನಗಲಿಲ್ಲ. "ಒಳಗಿಡು ಅದನ್ನ" ಎಂದರಷ್ಟೆ. ಆದರೆ ರತ್ನಮ್ಮತ್ತೆ ಅಲ್ಲೇ ನಿಂತಿದ್ದರು. ಚೀಲದ ಅಂಚನ್ನು ಮುಟ್ಟಿ ಬೆರಳು ಬಾಯಿಗಿಟ್ಟುಕೊಂಡರು.

"ಇದಾ?" ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಹಂಗಾದ್ರೆ ನಾನು ಅಂದಿದ್ದು ಸುಳ್ಳಾ ಅಣ್ಣಾ?" ಎಂದು ಕೇಳಿದರು.

ಮಾವನವರು ಬಿದ್ದ ಗೋಡೆಯನ್ನು ನೋಡಿದರು. "ನಂಗೆ ಗೊತ್ತಿಲ್ಲ ಕಣವ್ವ" ಎಂದರು. ತಂಗಿಯನ್ನು ಅವ್ವ ಎಂದು ಅವರು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಹಸು ಕೆರೆಯ ಕೆಳಗಿನ ಹುಣಸೆತೋಪಿನಲ್ಲಿ ಮೇಯುತ್ತಿತ್ತು. ಗೋಡೆ ಎಬ್ಬಿಸಿ ಮಗ್ಗ ಹೂಡುವಷ್ಟರಲ್ಲಿ ಸಂಕ್ರಾಂತಿ ಕಳೆಯಿತು. ಆ ಅರ್ಧ ಸೀರೆಯನ್ನು ಯಾರೂ ಉಡಲಿಲ್ಲ, ಮದುವೆಯವರು ಬೇರೆ ಕಡೆ ಕೊಂಡರು. ಜ್ಯೇಷ್ಠದಲ್ಲಿ ನನಗೆ ಹೆಣ್ಣು ಮಗು ಹುಟ್ಟಿತು. ಬಾಣಂತನ ಮಾಡಿದ್ದು ರತ್ನಮ್ಮತ್ತೆಯೇ. ಮಗು ನಿದ್ದೆಯಲ್ಲಿ ಬಿಕ್ಕಿದರೂ ಅವರಿಗೆ ಎಚ್ಚರ. ಆದರೆ ಎದೆಗವುಚಿ ಎತ್ತಿಕೊಳ್ಳುತ್ತಿರಲಿಲ್ಲ. ಸ್ನಾನ ಮಾಡಿಸುವರು, ತೊಟ್ಟಿಲು ತೂಗುವರು, ಎತ್ತಿ ನನ್ನ ಕೈಗೆ ಕೊಡುವರು.

ಕರಾವಳಿಯ ಬಾಂಬಿನ ಭಯ ತಣ್ಣಗಾಗಿ ಜನ ತಮ್ಮೂರುಗಳಿಗೆ ಮರಳತೊಡಗಿದರು. ಚೀರಾಲದಿಂದ ಅವರ ಯಜಮಾನರು ಹೇಳಿ ಕಳಿಸಿದರು. ಮಾವನವರು ಇಲ್ಲೇ ಇದ್ದುಬಿಡು ಎಂದರು, ಅವರು ಒಪ್ಪಲಿಲ್ಲ. ದೊಡ್ಡಬಳ್ಳಾಪುರದ ಸ್ಟೇಷನ್ನಿಗೆ ಮಗುವನ್ನೆತ್ತಿಕೊಂಡು ನಾನೂ ಹೋದೆ. ರೈಲಿಗೆ ಇನ್ನೂ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅದುವರೆಗೂ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಮತ್ತೆ ಆ ಸಮುದ್ರದ ಪಕ್ಕಕ್ಕೇ ಹೋಗ್ತೀರಲ್ಲ ಅತ್ತೆ, ಭಯ ಆಗಲ್ವಾ?"

"ಆಗ್ತದೆ."

"ಮತ್ತೆ?"

"ನನ್ನ ಮಗ ಅಲ್ಲೇ ಅವ್ನಲ್ಲ ಅಮ್ಮಾಯಿ. ಅವನನ್ನ ಒಬ್ಬನ್ನೇ ಬಿಟ್ಟು ನಾನಿಲ್ಲಿ ಹೆಂಗಿರ್ಲಿ?"

ಅವರು ಅದನ್ನು ಅಳದೆ, ಮನೆಯಲ್ಲಿ ಹಾಲು ಕಾಯಿಸಲು ಯಾರೂ ಇಲ್ಲ ಎನ್ನುವ ಹಾಗೆ ಹೇಳಿದರು. ರೈಲು ಬಂತು. ನಮ್ಮವರು ತಗಡಿನ ಪೆಟ್ಟಿಗೆ ಏರಿಸಿದರು. ಹತ್ತುವ ಮೊದಲು ರತ್ನಮ್ಮತ್ತೆ ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಗಾರ್ಡು ಸೀಟಿ ಊದಿದ. ಆಗಲೂ ಕೊಡಲಿಲ್ಲ. ಅವರು ಕೊಡುತ್ತಾರೋ ಇಲ್ಲವೋ ಎಂಬುದೇ ನನಗೆ ತಿಳಿಯದೆ, ಎರಡೂ ಕೈ ಚಾಚಿ ನಿಂತಿದ್ದೆ.